ಬಿಟ್ಟು ಹೋಗುತ್ತೇನೆ ಎಂದವನು

ನಾನು ಸೈನ್ಯದಿಂದ ನಿವೃತ್ತನಾಗಿ ಬಂದ ದಿನ ಊರಿನವರು ನನ್ನನ್ನು ಬೈಲಹೊಂಗಲ ಬಸ್ ನಿಲ್ದಾಣದಿಂದಲೇ ಎತ್ತಿಕೊಂಡರು. ತೆರೆದ ಜೀಪು, ಡಿಜೆ, ಕೊರಳು ಮುಳುಗುವಷ್ಟು ಚೆಂಡುಹೂ. ಈಗ ನಮ್ಮ ಕಡೆ ನಿವೃತ್ತ ಯೋಧನನ್ನು ಮದುಮಗನ ಹಾಗೆ ಮೆರೆಸದಿದ್ದರೆ ಊರಿನ ಮರ್ಯಾದೆಗೇ ಕಡಿಮೆ. ಫ್ಲೆಕ್ಸಿನಲ್ಲಿ ಕಮಾಂಡೊ ಟೊಪ್ಪಿಗೆ ಹಾಕಿದ ನನ್ನ ಹಳೆಯ ಫೋಟೊ. ಮೀಸೆಯನ್ನು ಮಾತ್ರ ಯಾರೋ ದಪ್ಪ ಮಾಡಿದ್ದರು. ನಗಬಹುದಿತ್ತು, ನಗು ಬರಲಿಲ್ಲ. ನಮ್ಮೂರು ನೇಸರಗಿಯಲ್ಲಿ ನಮ್ಮ ಓಣಿಗೆ ಹೋಗಬೇಕಾದರೆ ಗೆಳೆಯನ ಮನೆ ದಾಟಿಯೇ ಹೋಗಬೇಕು.

ಅವನೂ ನಾನೂ ಒಂದೇ ಶಾಲೆಯಲ್ಲಿ ಕಲಿತು ಒಂದೇ ಭರ್ತಿಯಲ್ಲಿ ಸೇನೆ ಸೇರಿದವರು. ಕಮಾಂಡೊ ಆಯ್ಕೆಗೆ ಹೆಸರು ಕೊಡೋಣ ಎಂದು ಅವನ ಬೆನ್ನು ಹತ್ತಿದವನು ನಾನು. ಆ ತರಬೇತಿ ಶಿಬಿರದಲ್ಲಿ ತನ್ನಿಂದ ಆಗದು ಎನ್ನಿಸಿದವನು ಯಾವತ್ತು ಬೇಕಾದರೂ ಒಂದು ಚೀಟಿ ಬರೆದುಕೊಟ್ಟು ಹಳೆಯ ಪಲ್ಟನ್ನಿಗೆ ಮರಳಬಹುದಿತ್ತು. ಯಾರೂ ಏನೂ ಕೇಳುತ್ತಿರಲಿಲ್ಲ. ಐದನೆಯ ವಾರ ಅವನು ಚೀಟಿ ಬರೆದು ಜೇಬಿನಲ್ಲಿಟ್ಟುಕೊಂಡು ಮೊದಲು ನನಗೆ ಹೇಳಲು ಬಂದ. ನಾನು ಅದನ್ನು ಕಸಿದು ಹರಿದೆ.

"ಯಾವ ಮಾರಿ ಇಟಗೊಂಡು ಊರಿಗೆ ಹೋಗ್ತಿ?" ಎಂದೆ.

ಅವನು ಹೋಗಲಿಲ್ಲ. ಉಳಿದ, ಆಯ್ಕೆಯೂ ಆದ. ಮರುವರ್ಷ ಯುದ್ಧ ಬಂತು. ಬೆಟ್ಟದ ಏರಿನಲ್ಲಿ ನನಗಿಂತ ನಾಲ್ಕು ಹೆಜ್ಜೆ ಮುಂದಿದ್ದವನು ಗುಂಡು ತಿಂದು ಅಲ್ಲೇ ಸತ್ತ.

ನನಗೆ ಪದಕ ಬಂತು, ಬಡ್ತಿಗಳು ಬಂದವು. ಕೊನೆಗೆ ಅದೇ ಶಿಬಿರದಲ್ಲಿ ತರಬೇತಿ ಕೊಡುವ ಉಸ್ತಾದನಾದೆ. ಹುಡುಗರು ಚೀಟಿ ತಂದರೆ ತುಟಿ ಪಿಟಕ್ಕೆನ್ನದೆ ತೆಗೆದುಕೊಳ್ಳುತ್ತಿದ್ದೆ. ಇಷ್ಟು ಸಲೀಸಾಗಿ ಬಿಟ್ಟುಕೊಟ್ಟರೆ ಕಮಾಂಡೊಗಳು ಎಲ್ಲಿಂದ ಬರಬೇಕು ಎಂದು ಮೇಲಿನವರು ಗದರಿದರು. ಗದರಲಿ ಬಿಡಿ. ಒಬ್ಬನನ್ನು ತಡೆದು ನೋಡಿದ್ದೆ, ನನಗೆ ಅಷ್ಟು ಸಾಕಾಗಿತ್ತು.

ಗೆಳೆಯನ ಮನೆ ಬಂದಾಗ ಡಿಜೆ ನಿಲ್ಲಿಸಲು ಹೇಳಿದೆ. ಅವನ ತಾಯಿ ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ನನ್ನ ಹಣೆಗೆ ಕುಂಕುಮ ಹಚ್ಚಿದರು. ನಾನು ತಲೆ ಬಗ್ಗಿಸಿಕೊಂಡೇ ಮತ್ತೆ ಜೀಪು ಹತ್ತಿದೆ.

ಮರುದಿನ ಬೆಳಿಗ್ಗೆ ಮತ್ತೆ ಹೋದೆ. ಅವರು ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದರು. ಚೀಟಿ ಕಸಿದು ಹರಿದದ್ದನ್ನು ಹೇಳಿದೆ. ಬೈಯಲಿ, ಮನೆಯಿಂದ ಅಟ್ಟಲಿ ಎಂದೇ ಹೋಗಿದ್ದೆ. ಬೈಸಿಕೊಂಡರೆ ಹಗುರಾದೇನು ಎಂಬ ಸ್ವಾರ್ಥವೂ ಇತ್ತು.

ಅವರು ತಲೆ ಎತ್ತಲಿಲ್ಲ. "ನಿನ್ನ ಕಡೆ ಬರೂಕಿಂತ ಮೊದಲ ನನಗ ಫೋನ್ ಮಾಡಿದ್ದ, ಅಂಗಡ್ಯಾಗಿನ ಫೋನಿಗೆ," ಎಂದರು. "ಬಿಟ್ಟ ಹೊಕ್ಕೇನವಾ ಅಂದ. ಮಗಾ ಕಮಾಂಡೊ ಆಗ್ತಾನಂತ ಓಣಿ ತುಂಬ ಪೇಢಾ ಹಂಚೇನಿ, ಈಗ ಆಗಲಿಲ್ಲಂತ ಹ್ಯಾಂಗ ಹೇಳಲಿ ಅಂದ್ನಿ ನಾ."

ತೀರಿಹೋದ ಗಂಡನಿಗೂ ಅವರು ಇದನ್ನು ಕೊನೆಯವರೆಗೆ ಹೇಳಿರಲಿಲ್ಲವಂತೆ. ನಾನೂ ಪಕ್ಕದಲ್ಲಿ ಕುಳಿತು ಶೇಂಗಾ ಸುಲಿಯತೊಡಗಿದೆ. ಆಗ ಅವರೇ ಕೇಳಿದರು.

"ಆವತ್ತ ನಿನ್ನ ಮುಂದ ಅತ್ತಿದ್ನೇನಪಾ?"

ಚೀಟಿಯ ಚೂರು ಆರಿಸಿಕೊಳ್ಳುತ್ತ ಅವನು ಬಿಕ್ಕಿ ಬಿಕ್ಕಿ ಅತ್ತಿದ್ದ.

"ಇಲ್ಲವ್ವಾ," ಎಂದೆ. ಅವರು ನಂಬಲಿಲ್ಲ.