ಒಂದು ಅಕ್ಷತೆ ಕಾಳು

ಪೀಣ್ಯಕ್ಕೆ ಮೆಟ್ರೊ ಬರುವುದಕ್ಕೆ ಮುಂಚಿನ ಮಾತು. ಉಕ್ಕಿನ ಬಿಡಿಭಾಗ ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ತಪಾಸಣೆ ವಿಭಾಗ ನೋಡಿಕೊಳ್ಳುತ್ತಿದ್ದೆ. ವಿಭಾಗ ಎಂದರೆ ಗಾಜಿನ ಬಾಗಿಲಿನ ಒಂದು ಕೋಣೆ, ಒಂದು ಮೇಜು, ಎರಡು ಕುರ್ಚಿ, ಅಳತೆಯ ಉಪಕರಣಗಳು, ಮತ್ತು ಆ ವರ್ಷ ಹೊಸದಾಗಿ ಬಂದ ಲ್ಯಾಪ್‌ಟಾಪ್. ಪ್ರತಿ ತುಂಡಿನ ಅಳತೆಯನ್ನು ಅದರಲ್ಲಿ ತುಂಬಬೇಕಿತ್ತು.

ಅಲ್ಲಿಯ ಗಾಳಿಯಲ್ಲೇ ಕಬ್ಬಿಣದ ಪುಡಿ ಇತ್ತು. ಪರದೆಯ ಮೇಲೆ ಕೂತ ಪುಡಿಯನ್ನು ಒಣಬಟ್ಟೆಯಿಂದ ಉಜ್ಜಿದರೆ ಗೀರು ಬೀಳುತ್ತದೆ. ನಾನು ಮೊದಲು ಮೆತ್ತನೆಯ ಬ್ರಷ್‌ನಿಂದ ಪುಡಿ ಉದುರಿಸಿ, ಆಮೇಲೆ ಕನ್ನಡಕದ ಬಟ್ಟೆಯನ್ನು ತುಸು ಒದ್ದೆ ಮಾಡಿ ಒರೆಸುತ್ತಿದ್ದೆ. ಮುಚ್ಚುವಾಗ, ಡಬ್ಬದ ಜೊತೆ ಬಂದಿದ್ದ ತೆಳುವಾದ ಫೋಮ್ ಹಾಳೆಯನ್ನು ಕೀಬೋರ್ಡಿನ ಮೇಲೆ ಹಾಸುತ್ತಿದ್ದೆ. ಒಬ್ಬರನ್ನು ಬಿಟ್ಟು ಬೇರೆ ಯಾರಿಗೂ ಆ ಲ್ಯಾಪ್‌ಟಾಪ್ ಮುಟ್ಟಲು ಬಿಡುತ್ತಿರಲಿಲ್ಲ.

ಅವರು ಬಾಗಲಗುಂಟೆಯಿಂದ ನಡೆದು ಬರುತ್ತಿದ್ದ ಕೊಪ್ಪಳದ ಕಡೆಯ ಹೆಂಗಸು, ನನಗಿಂತ ಹತ್ತು ವರ್ಷ ದೊಡ್ಡವರು. ನಾನು ಅಕ್ಕ ಎನ್ನುತ್ತಿದ್ದೆ, ಅವರು ಮೇಡಂ ಎನ್ನುತ್ತಿದ್ದರು. ತುಂಡುಗಳ ಅಂಚಿನ ಚೂಪನ್ನು ಅರದಿಂದ ಉಜ್ಜಿ ತೆಗೆಯುವುದು ಅವರ ಕೆಲಸ. ದಿನವಿಡೀ ನಿಂತೇ ಮಾಡಬೇಕು. ಸಂಜೆಯ ಹೊತ್ತಿಗೆ ಅವರ ಪಾದ ಊದಿ ಚಪ್ಪಲಿಗೆ ಹಿಡಿಸುತ್ತಿರಲಿಲ್ಲ. ಅಳತೆ ತುಂಬುವುದನ್ನು ಕಲಿತರೆ ನನ್ನ ಕೋಣೆಯ ಎರಡನೆಯ ಕುರ್ಚಿ ಅವರಿಗೆ ಎಂದು ಮಾಲೀಕರು ಒಪ್ಪಿದ್ದರು.

ಊಟದ ಬಿಡುವಿನಲ್ಲಿ ನಾನು ಕಲಿಸುತ್ತಿದ್ದೆ. ಅವರು ಸೋಪು ಹಾಕಿ ಎರಡು ಸಲ ಕೈ ತೊಳೆದು, ಉಗುರುಗಳನ್ನು ನನಗೆ ತೋರಿಸಿ, ಆಮೇಲೆ ಕೂರುತ್ತಿದ್ದರು. ಒಂದೇ ಬೆರಳಿನಲ್ಲಿ ಅಂಕಿ ಒತ್ತುತ್ತಿದ್ದರು. ಒಮ್ಮೆ ಸೆರಗಿನಿಂದ ಪರದೆ ಒರೆಸಲು ಹೋದಾಗ ನಾನು ಕೂಗಿಬಿಟ್ಟಿದ್ದೆ.

"ಕೂಸಿನ ಮಾರಿ ಒರಸ್ದಂಗ ಒರಸ್ಬೇಕೇನ್ರಿ ಇದನ್ನ?" ಎಂದು ನಕ್ಕಿದ್ದರು.

ಆಯುಧಪೂಜೆಯ ಬೆಳಿಗ್ಗೆ ಲೇತುಗಳಿಗೆಲ್ಲ ಬಾಳೆಕಂದು ಕಟ್ಟಿ, ಚೆಂಡುಹೂ ಏರಿಸಿದ್ದೆವು. ನನ್ನ ಮೇಜಿನ ಮೇಲೆ ಉಪಕರಣಗಳ ಸಾಲಿನಲ್ಲಿ ಲ್ಯಾಪ್‌ಟಾಪನ್ನೂ ತೆರೆದಿಟ್ಟಿದ್ದೆ. ಅಕ್ಕ ಅಕ್ಷತೆಯ ತಟ್ಟೆ ಹಿಡಿದು ಬಂದು, ಅದರ ಮೇಲೆ ಎರಡು ಸಲ ಹಾಕಿ ಕೈಮುಗಿದರು. ಬಾಗಿಲಲ್ಲಿದ್ದ ಲೇತ್ ಆಪರೇಟರ್ ಸುಮ್ಮನಿರಲಿಲ್ಲ.

"ಏನಕ್ಕಾ, ಲ್ಯಾಪ್‌ಟಾಪ್‌ಗೆ ಮದುವೆ ಮಾಡಿಸ್ತಿದ್ದೀಯಾ?"

"ನನ್ನನ್ನ ಕುಂದ್ರಿಸೋ ದೇವ್ರಪಾ ಇದು. ನೀ ನಿನ್ನ ಮಿಷನ್ ನೋಡ್ಹೋಗು."

ಪೂಜೆ ಮುಗಿದ ಮೇಲೆ ನಾನು ಕೀಬೋರ್ಡಿನ ಅಕ್ಷತೆಯನ್ನು ಬ್ರಷ್‌ನಿಂದ ಉದುರಿಸಿದೆ. ಎಲ್ಲ ಹೋಯಿತೆಂದುಕೊಂಡು ಹಾಳೆ ಹಾಸಿ ಮುಚ್ಚಿ, ಬೀರುವಿನಲ್ಲಿಟ್ಟೆ. ಪೂಜೆಗಾಗಿ ಮೇಜಿನಿಂದ ಇಳಿಸಿದ್ದ ಫೈಲುಗಳಿಗೆ ಬೇರೆ ಜಾಗವಿರಲಿಲ್ಲ. ನಾಲ್ಕು ದಪ್ಪ ಫೈಲುಗಳನ್ನು ಅದರ ಮೇಲೆಯೇ ಪೇರಿಸಿದೆ. ಆಗ ಅಕ್ಕ ಬಾಗಿಲ ಬಳಿ ಚೆಲ್ಲಿದ ಕಡ್ಲೆಪುರಿ ಗುಡಿಸುತ್ತಿದ್ದರು.

ರಜೆ ಮುಗಿಸಿ ಬಂದು ತೆರೆದಾಗ ಪರದೆಯ ಎಡಗಡೆ ಮಸಿ ಚೆಲ್ಲಿದಂತೆ ಕಪ್ಪು ಹರಡಿತ್ತು. ಅದರ ನಡುವಿನ ಒಂದು ಚುಕ್ಕೆಯಿಂದ ಬಿರುಕುಗಳು ಹೊರಟಿದ್ದವು. ಮುಚ್ಚಿದಾಗ ಸರಿಯಾಗಿ ಆ ಚುಕ್ಕೆಯ ಕೆಳಗೆ ಬರುವಲ್ಲಿ, ಫೋಮ್ ಹಾಳೆಯ ಅಡಿಯಲ್ಲಿ, ಅರಿಸಿನ ಬಣ್ಣದ ಒಂದು ಅಕ್ಕಿಕಾಳು ಕೂತಿತ್ತು. ಹಾಳೆ ಅಲ್ಲಿ ತೂತು ಬಿದ್ದಿತ್ತು. ಬರೀ ಕಾಳಿನಿಂದ ಹಾಗಾಗುವುದಿಲ್ಲ. ಮೇಲಿನ ಫೈಲುಗಳ ಭಾರ ಬೇಕು. ನೋಡಿದ ಕೂಡಲೇ ನನಗೆ ತಿಳಿಯಿತು.

ಮಾಲೀಕರು ಬಂದು ಪರದೆ ನೋಡಿ, ಕಾಳನ್ನು ಅಂಗೈಯಲ್ಲಿ ಹಿಡಿದು ಕೋಣೆಯಿಂದ ಹೊರಗೆ ಬಂದರು. "ಯಾರಮ್ಮ ಇದರ ಮೇಲೆ ಅಕ್ಷತೆ ಹಾಕಿದ್ದು?"

"ನಾನ ಹಾಕೀನ್ರಿ ಸಾಹೇಬ್ರ," ಅಕ್ಕ ತಡಮಾಡದೆ ಹೇಳಿದರು.

"ಇನ್ಮೇಲೆ ಮೇಡಂ ಬಿಟ್ಟು ಬೇರೆ ಯಾರೂ ಆ ರೂಮಿಗೆ ಕಾಲಿಡಂಗಿಲ್ಲ."

ನಾನು ಮಾಲೀಕರ ಪಕ್ಕದಲ್ಲೇ ನಿಂತಿದ್ದೆ. ಫೈಲುಗಳ ವಿಷಯ ಹೇಳಲಿಲ್ಲ. ಹೇಳಲು ಸಮಯವಿತ್ತು, ಅವರು ಕಾಳನ್ನು ಎಸೆದು, ಕೈ ಒರೆಸಿಕೊಂಡು, ತಮ್ಮ ಕೋಣೆಯವರೆಗೆ ನಿಧಾನವಾಗಿಯೇ ನಡೆದುಹೋದರು.

ವಾರದೊಳಗೆ ಹೊಸ ಪರದೆ ಬಂತು. ಎರಡನೆಯ ಕುರ್ಚಿಯ ಮೇಲೆ ಪ್ರಿಂಟರ್ ಕೂತಿತು. ಅಕ್ಕ ಅರ ಹಿಡಿದು ನಿಂತಿರುವುದು ಗಾಜಿನ ಬಾಗಿಲಿನಿಂದ ದಿನವೂ ಕಾಣುತ್ತಿತ್ತು. ಊಟದ ಬಿಡುವಿನಲ್ಲಿ ಆಗಾಗ ಈ ಕಡೆ ನೋಡುತ್ತಿದ್ದರು. ನನ್ನ ಮೇಲೆ ಸಿಟ್ಟಿರಬೇಕು ಎಂದುಕೊಂಡು ನಾನು ತಲೆ ತಗ್ಗಿಸುತ್ತಿದ್ದೆ.

ಮರುವರ್ಷದ ಪೂಜೆಗೆ ಅವರು ಎಲ್ಲದಕ್ಕೂ ಅಕ್ಷತೆ ಹಾಕಿದರು, ಪೊರಕೆಯನ್ನೂ ಬಿಡಲಿಲ್ಲ. ನನ್ನ ಬಾಗಿಲಿಗೆ ಬಂದಾಗ ಮಾತ್ರ ಹೊಸ್ತಿಲಲ್ಲೇ ನಿಂತು ಕೈ ಹಿಂದಕ್ಕೆ ತೆಗೆದುಕೊಂಡರು. ನಾನು ಎದ್ದು ಹೋಗಿ ಹೇಳಿದೆ. "ಅಕ್ಕ, ಅವತ್ತು ಅದು ಒಡೆದದ್ದು ನನ್ನಿಂದ. ಮೇಲೆ ಫೈಲ್ ಇಟ್ಟಿದ್ದೆ."

"ಗೊತ್ತೈತ್ರಿ. ನೀವು ಇಡೂದು ನೋಡೀನಿ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಸಾಹೇಬ್ರು ನಿಮಗ ಬೈದ್ರ ನೀವು ಕೆಲಸಾ ಬಿಟ್ಟು ಹೋಗ್ತಿದ್ರಿ. ಆಮ್ಯಾಲೆ ನನಗ ಕಲಸೋರು ಯಾರ್ರಿ?" ತಟ್ಟೆಯನ್ನು ಇನ್ನೊಂದು ಕೈಗೆ ಬದಲಿಸಿದರು. "ಇವತ್ತು ಕರೀತೀರಿ, ನಾಳೆ ಕರೀತೀರಿ ಅಂತ ನೋಡಿದೆ."

ಅಂದೇ ಮಾಲೀಕರಿಗೆ ಎಲ್ಲವನ್ನೂ ಹೇಳಿದೆ. ಅವರು ಪುರಿ ಅಗಿಯುತ್ತ ನಕ್ಕರು. "ಅಯ್ಯೋ, ಅದನ್ನಿನ್ನೂ ತಲೇಲಿ ಇಟ್ಕೊಂಡಿದ್ದೀರಾ ಮೇಡಂ? ನಾನು ಮರ್ತೇಬಿಟ್ಟಿದ್ದೆ. ಬೇಕಾದ್ರೆ ಕೂರಿಸ್ಕೊಳ್ಳಿ."

ಒಂದು ಮಾತು ಸಾಕಿತ್ತು. ಯಾವ ತಿಂಗಳಲ್ಲಿ ಹೇಳಿದ್ದರೂ ಸಾಕಿತ್ತು.

ರಜೆ ಮುಗಿದ ದಿನ ಪ್ರಿಂಟರ್ ಇಳಿಸಿ, ಕುರ್ಚಿ ಒರೆಸಿ ಕರೆದೆ. ಅಕ್ಕ ಎರಡು ಸಲ ಕೈ ತೊಳೆದು ಬಂದು, ಉಗುರು ತೋರಿಸಿ ಕೂತರು. ಅವರ ಬಲಗೈ ಬೆರಳುಗಳು ಈಗ ಪೂರ್ತಿ ಚಾಚಿಕೊಳ್ಳುತ್ತಿರಲಿಲ್ಲ, ಅರ ಹಿಡಿದಷ್ಟೇ ಮಡಚಿಕೊಂಡಿದ್ದವು. ಒಂದು ಅಂಕಿ ಒತ್ತಲು ಹೋದರೆ ಮೂರು ಒಟ್ಟಿಗೆ ಬಿದ್ದವು. ಮತ್ತೊಮ್ಮೆ ಒತ್ತಿದರು, ಹಾಗೆಯೇ ಆಯಿತು. ಆಮೇಲೆ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಪರದೆ ನೋಡಿದರು. ಅದರಲ್ಲಿ ಒಂದು ಗೀರೂ ಇರಲಿಲ್ಲ.

"ಕುಂತಂಗಾತು ಬಿಡ್ರಿ," ಎಂದು ಎದ್ದು, ಅರದ ಬಳಿ ಹೋಗಿ ನಿಂತರು.