ನೀರು ತಿಂದ ಕೈಗಳು

ನಾನು ಕೊಳ್ಳೇಗಾಲದ ಕಡೆಯವಳು. ಮದುವೆಯಾಗಿ ತಮಿಳುನಾಡಿನ ಅವಿನಾಶಿ ಹತ್ತಿರದ ಈ ಕನ್ನಡ ನೇಕಾರರ ಬೀದಿಗೆ ಬಂದಾಗ ಇಲ್ಲಿಯವರ ಕನ್ನಡ ಕೇಳಿ ಮೊದಲ ವಾರವೆಲ್ಲ ತಬ್ಬಿಬ್ಬಾಗಿದ್ದೆ. ಮಾತು ಕನ್ನಡವೇ, ರಾಗ ಮಾತ್ರ ತಮಿಳಿನದು. ವಾಕ್ಯ ಅರ್ಧಕ್ಕೆ ಬರುವಷ್ಟರಲ್ಲಿ ತಮಿಳಿಗೆ ಹೊರಳಿಬಿಡುತ್ತಿತ್ತು. ನನ್ನ ಅತ್ತೆಗೆ ಕನ್ನಡದ ಅಕ್ಷರ ಬಾರದು. ನಾನು ಏನಾದರೂ ಬರೆಯುತ್ತ ಕೂತರೆ ಪಕ್ಕದಲ್ಲಿ ನಿಂತು, "ನಮ್ ಮಾತಿಗೆ ಇಷ್ಟ್ ಸುಳಿ ಐತಾ ಕಣ್ಣು" ಎಂದು ಕೇಳುತ್ತಿದ್ದರು. ಇಲ್ಲಿ ಪ್ರೀತಿಯಿಂದ ಕರೆಯುವುದೆಂದರೆ ಕಣ್ಣು ಎಂದೇ ಕರೆಯುವುದು.

ಅತ್ತೆ ರೇಷ್ಮೆ ಸೀರೆ ನೇಯುತ್ತಿದ್ದರು. ಮುಂದಿನ ಕೋಣೆಯಲ್ಲಿ ಅವರ ಗುಂಡಿಮಗ್ಗ, ಹಿಂದಿನ ಶೆಡ್ಡಿನಲ್ಲಿ ನನ್ನ ಗಂಡನ ನಾಲ್ಕು ಪವರ್‌ಲೂಮ್‌ಗಳು. ಮಾವ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಅತ್ತೆಯದು ಮಾತು ಕಡಿಮೆ. ಬೆಳಿಗ್ಗೆ ಮಗ್ಗಕ್ಕೆ ಇಳಿದರೆ ಊಟಕ್ಕೆ ಮಾತ್ರ ಮೇಲೆ ಬರುವವರು. ನನಗೆ ಅವರು ಕಲಿಸಿದ ಕೆಲಸ ಒಂದೇ. ಹಾಸಿನ ನೂಲು, ಅಂದರೆ ಮಗ್ಗದ ಉದ್ದಕ್ಕೆ ಹಾಯುವ ಎಳೆ, ಮುಗಿದು ಹೊಸದನ್ನು ಏರಿಸುವಾಗ ಹಳೆಯ ಎಳೆಯ ತುದಿಗೆ ಹೊಸ ಎಳೆಯ ತುದಿಯನ್ನು ಬೆರಳಲ್ಲಿ ಹೊಸೆದು ಸೇರಿಸಬೇಕು. ಬೆರಳಿಗೆ ಚೂರು ಬೂದಿ ಮುಟ್ಟಿಸಿಕೊಂಡರೆ ಎಳೆ ಜಾರುವುದಿಲ್ಲ. ಸಾವಿರಾರು ಎಳೆಗಳು, ಒಂದೊಂದಾಗಿ. ಕಣ್ಣಿಗಿಂತ ಬೆರಳಿಗೇ ಅದು ಹೆಚ್ಚು ಗೊತ್ತಾಗುವ ಕೆಲಸ. ಎರಡು ವರ್ಷದಲ್ಲಿ ನನ್ನ ಬೆರಳು ಅದಕ್ಕೆ ಪಳಗಿತು. ಬೀದಿಯ ಬೇರೆ ಮನೆಯವರೂ ನನ್ನನ್ನು ಕರೆಯುತ್ತಿದ್ದರು.

ಕೊರೊನಾ ಮುಗಿದ ಮೇಲೆ ನೂಲಿನ ಬೆಲೆ ಏರಿತು. ಪವರ್‌ಲೂಮಿಗೆ ನೂಲು ಕೊಟ್ಟು ಬಟ್ಟೆ ನೇಯಿಸಿಕೊಳ್ಳುತ್ತಿದ್ದವರು ಒಬ್ಬೊಬ್ಬರಾಗಿ ನಿಲ್ಲಿಸಿದರು. ಶೆಡ್ಡು ಮೌನವಾಯಿತು. ಹಗಲೂ ಇರುಳೂ ಆ ಸದ್ದಿನಲ್ಲೇ ಬದುಕಿದವರಿಗೆ ಆ ಮೌನ ತಡೆದುಕೊಳ್ಳುವುದು ಕಷ್ಟವಾಯಿತು. ಗಂಡ ನೂಲಿನ ಮಿಲ್ಲೊಂದರಲ್ಲಿ ಮೂಟೆ ಹೊರುವ ಕೆಲಸ ಹಿಡಿದರು. ನಾನು ತಿರುಪ್ಪೂರಿನ ಕಡೆ ಬ್ಲೀಚಿಂಗ್ ಮಾಡುವ ಶೆಡ್ಡಿಗೆ ಹೊರಟೆ. ಬೀದಿಯ ಕೊನೆಗೆ ವ್ಯಾನು ಬರುತ್ತಿತ್ತು. ಅದರಲ್ಲಿ ಹದಿನಾಲ್ಕು ಹೆಂಗಸರು.

ಬನಿಯನ್ ಬಟ್ಟೆ ಬಿಳಿಯಾಗಬೇಕಾದರೆ ಅದನ್ನು ಸೋಡಾ ಮತ್ತು ಬ್ಲೀಚಿಂಗ್ ನೀರಿನಲ್ಲಿ ನೆನೆಸಿ ತೆಗೆಯಬೇಕು. ದೊಡ್ಡ ಕಂಪನಿಗಳಲ್ಲಿ ಅದೆಲ್ಲ ಯಂತ್ರದಲ್ಲೇ ಆಗುತ್ತದೆ. ನಮ್ಮದು ಸಣ್ಣ ಶೆಡ್ಡು, ಸಿಮೆಂಟಿನ ತೊಟ್ಟಿಗಳು. ಒದ್ದೆ ಬಟ್ಟೆಯ ಹಗ್ಗದಂಥ ಸುರುಳಿಯನ್ನು ಎಳೆದು, ಹಿಂಡಿ, ಮುಂದಿನ ತೊಟ್ಟಿಗೆ ಹಾಕುವುದು ನಮ್ಮ ಕೆಲಸ. ಮೊದಲ ತಿಂಗಳು ಬೆರಳ ತುದಿಯ ಚರ್ಮ ಈರುಳ್ಳಿ ಸಿಪ್ಪೆಯಂತೆ ಎದ್ದಿತು. ಆಮೇಲೆ ಅಂಗೈ ಒಣಗಿ ಬಿಗಿಯಾಯಿತು. ಮೂರನೆಯ ತಿಂಗಳಿಗೆ ಗೆಣ್ಣುಗಳ ಮೇಲೆ ಸೀಳು ಬಿಟ್ಟಿತು. ಮುಷ್ಟಿ ಕಟ್ಟಿದರೆ ರಕ್ತ ಬರುತ್ತಿತ್ತು. ಮೆಣಸಿನಕಾಯಿ ಮುರಿಯಲು ಆಗುತ್ತಿರಲಿಲ್ಲ, ಹುಣಸೆಹಣ್ಣು ಕಿವುಚಲು ಆಗುತ್ತಿರಲಿಲ್ಲ. ಸಾರು ಅನ್ನವನ್ನು ಚಮಚದಲ್ಲಿ ತಿನ್ನತೊಡಗಿದೆ. ಗಂಡ ಅದನ್ನು ನೋಡಿದರು. ಮರುದಿನದಿಂದ ಪಾತ್ರೆಗಳನ್ನು ಅವರೇ ತೊಳೆದರು.

ಅತ್ತೆಯ ಮುಂದೆ ಮಾತ್ರ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದೆ. ತವರಿನಿಂದ ಬರುವಾಗ ನನ್ನ ಕೈಗುಣವನ್ನು ಹೊಗಳಿ ಕಳಿಸಿದ್ದರು. ಆ ಕೈ ಹೀಗಾಯಿತೆಂದು ತೋರಿಸಲು ನನಗೆ ನಾಚಿಕೆ.

ಒಂದು ಭಾನುವಾರ ಹೊಸ ಹಾಸು ಏರಿಸಬೇಕಾಗಿತ್ತು. ಅತ್ತೆ ಎಂದಿನಂತೆ ನನ್ನನ್ನು ಕರೆದರು. ಕೆನೆಬಣ್ಣದ ರೇಷ್ಮೆ. ನಾನು ಬೆರಳಿಗೆ ಬೂದಿ ಮುಟ್ಟಿಸಿಕೊಂಡು ಕೂತೆ. ಬೂದಿ ಸೀಳಿಗೆ ಸೇರಿ ಉರಿಯಿತು. ಹಲ್ಲು ಕಚ್ಚಿ ಎಳೆ ಹಿಡಿದೆ. ಒರಟಾದ ಚರ್ಮಕ್ಕೆ ಎಳೆ ಸಿಕ್ಕಿಕೊಂಡು ಜುಂಗು ಎದ್ದಿತು. ಹತ್ತು ಎಳೆ ಸೇರಿಸುವುದರಲ್ಲಿ ಮೂರು ಕಿತ್ತುಹೋದವು. ಬಿಡಿಸಲು ಹೋದಾಗ ತೋರುಬೆರಳ ಸೀಳು ಬಾಯಿಬಿಟ್ಟು ಕೆನೆಬಣ್ಣದ ನೂಲಿನ ಮೇಲೆ ಒಂದು ಕೆಂಪು ಚುಕ್ಕಿ ಬಿತ್ತು.

"ಕೈ ತೆಗಿ" ಎಂದರು ಅತ್ತೆ.

ಅಷ್ಟೇ. ಎದ್ದು ಹೋಗಿ ಪಕ್ಕದ ಮನೆಯ ಹೆಂಗಸನ್ನು ಕರೆತಂದು ನನ್ನ ಜಾಗದಲ್ಲಿ ಕೂರಿಸಿದರು. ನಾನು ಅಡಿಗೆಮನೆಯಲ್ಲಿ ನಿಂತು ಅವರಿಬ್ಬರ ಮಾತು ಕೇಳಿಸಿಕೊಂಡೆ. ನನ್ನ ಬಗ್ಗೆ ಅವರು ಏನೂ ಆಡಲಿಲ್ಲ. ಆದರೂ ನನ್ನ ಮನಸ್ಸು ಮುರಿಯಿತು. ಆ ವಾರವೆಲ್ಲ ಅವರೊಂದಿಗೆ ಹೂಂ, ಉಹೂಂ ಬಿಟ್ಟು ಬೇರೆ ಮಾತಾಡಲಿಲ್ಲ. ಇವರಿಗೆ ನೂಲು ದೊಡ್ಡದು, ಸೊಸೆಯಲ್ಲ ಅಂದುಕೊಂಡೆ.

ಮುಂದಿನ ಭಾನುವಾರ ನಾನು ಹಿತ್ತಲಲ್ಲಿ ಒಗೆದ ಬಟ್ಟೆ ಹರಡುತ್ತಿದ್ದಾಗ ಅತ್ತೆ ಬಂದು ಕಲ್ಲಿನ ಮೇಲೆ ಕೂತರು.

"ಬಾ ಕಣ್ಣು. ಕೈ ತೋರ್ಸು."

ನಾನು ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡೆ.

"ನಾನೇನ್ ಬೈಯ್ತೀನಾ. ತೋರ್ಸು."

ಅವರು ನನ್ನ ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಬಟ್ಟೆಯಲ್ಲಿ ನೂಲು ತಪ್ಪಿದ್ದನ್ನು ಹುಡುಕುವಂತೆ ಬೆರಳು ಬೆರಳೂ ನೋಡಿದರು. ಬಹಳ ಹೊತ್ತು ನೋಡಿದರು.

"ಎಷ್ಟ್ ದಿವಸ ಆಯ್ತು?"

"ಮೂರು ತಿಂಗಳು."

"ಯಾಕ್ ಹೇಳ್ಲಿಲ್ಲ?"

"ಹೇಳಿ ಏನು ಮಾಡೋದು ಅತ್ತೆ. ಕೆಲಸ ಬಿಡೋಕೆ ಆಗುತ್ತಾ?"

ಅವರು ನನ್ನ ಕೈ ಬಿಡದೆ ಹೇಳಿದರು: "ನಮ್ಮಮ್ಮ ನೂಲಿಗೆ ಬಣ್ಣ ಹಾಕೋಳು. ಬೆರಳ್ ಉಗುರೆಲ್ಲಾ ಹೋಗಿತ್ತು. ನಂಗೆ ತಲೆ ಬಾಚೋಕೆ ಬರ್ತಿರ್ಲಿಲ್ಲ ಅವ್ಳು. ಕೂದ್ಲು ಸಿಕ್ಕೊಳ್ಳುತ್ತೆ ಅಂತ. ಚಿಕ್ಕೋಳಲ್ವಾ ನಾನು, ಅಮ್ಮಂಗೆ ನನ್ ಮೇಲೆ ಆಸೆ ಇಲ್ಲ ಅಂದ್ಕೊಂಡಿದ್ದೆ."

ಅಂದು ಅವರು ತಮಗೆ ಗೊತ್ತಿದ್ದ ಮದ್ದು ಮಾಡಿದರು. ಅರಿಶಿನಕ್ಕೆ ಸುಣ್ಣ ಕಲಸಿ ಸೀಳುಗಳಿಗೆ ತುಂಬಿದರು. ಮೊದಲು ತಣ್ಣಗಿತ್ತು. ಸ್ವಲ್ಪ ಹೊತ್ತಿಗೆ ಕೆಂಡ ಹಿಡಿದಂತಾಯಿತು. ನಾನು ತಡೆದುಕೊಂಡೆ, ಅವರ ಮನಸ್ಸಿಗೆ ನೋವಾಗಬಾರದೆಂದು. ಸಂಜೆಗೆ ಕೈ ಊದಿ ಬೊಬ್ಬೆ ಎದ್ದಿತು. ಅತ್ತೆ ಅದನ್ನು ಕಂಡು ಕೂತಲ್ಲೇ ಕೂತುಬಿಟ್ಟರು. ನನ್ನ ಗಂಡ ತಣ್ಣೀರು ಸುರಿದು ತೊಳೆದರು. "ನಾನ್ ಕೆಡಿಸ್ಬಿಟ್ಟೆ" ಎಂದು ಅತ್ತೆ ಎರಡು ಸಲ ಹೇಳಿದರು. ಆ ದಿನ ಅವರು ಊಟ ಮಾಡಲಿಲ್ಲ.

ಬೆಳಿಗ್ಗೆ ಅವರು ಮಗ್ಗದ ಕೋಣೆಯ ಬಾಗಿಲು ಎಳೆದುಕೊಂಡು ಚಪ್ಪಲಿ ಮೆಟ್ಟಿದರು. ಕೆಲಸದ ದಿನ ಅವರು ಮಗ್ಗ ಬಿಟ್ಟು ಹೊರಗೆ ಹೋದದ್ದನ್ನು ನಾನು ಅದೇ ಮೊದಲು ಕಂಡದ್ದು. ಇಬ್ಬರೂ ಬಸ್ಸು ಹತ್ತಿ ಸರ್ಕಾರಿ ಆಸ್ಪತ್ರೆಗೆ ಹೋದೆವು. ಚರ್ಮದ ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ತಮಿಳಿನಲ್ಲಿ ನಿಧಾನವಾಗಿ ಕೇಳಿದರು, ದಿನಕ್ಕೆ ಎಷ್ಟು ಗಂಟೆ ನೀರಿನಲ್ಲಿ ಕೈ ಇರುತ್ತದೆ, ಯಾವ ನೀರು, ಏನು ಹಚ್ಚಿದಿರಿ ಎಂದು. ಸುಣ್ಣದ ಮಾತು ಬಂದಾಗ ಅತ್ತೆಯೇ ಮುಂದೆ ಬಂದು, ಹಚ್ಚಿದ್ದು ನಾನು, ಅವಳಲ್ಲ ಎಂದರು. ಡಾಕ್ಟರು ಗದರಲಿಲ್ಲ. ಅರಿಶಿನ, ಸುಣ್ಣ, ನಿಂಬೆ ಏನೂ ಬೇಡ ಎಂದರು. ಉರಿ ಇಳಿಯಲು ಒಂದು ಮುಲಾಮು, ಅದು ಎರಡು ವಾರ ಮಾತ್ರ. ಅದಲ್ಲದೆ ವಾಸನೆಯಿಲ್ಲದ ಜಿಡ್ಡಿನ ಬಿಳಿ ಮುಲಾಮು. ಕೈ ತೊಳೆದು ಒರೆಸಿ, ಪಸೆ ಆರುವ ಮೊದಲೇ ಹಚ್ಚಬೇಕು, ದಿನಕ್ಕೆ ಎಷ್ಟು ಸಲವಾದರೂ ಸರಿ. ಸೋಪು ಕಡಿಮೆ ಮಾಡಬೇಕು. ರಬ್ಬರ್ ಗ್ಲೌಸ್ ಹಾಕದೆ ಆ ನೀರು ಮುಟ್ಟಬಾರದು. ಒಳಗೆ ಬೆವರಿದರೂ ಚರ್ಮ ಕೆಡುತ್ತದೆ, ಆದ್ದರಿಂದ ಒಳಗೊಂದು ಹತ್ತಿಯ ಗ್ಲೌಸ್ ಇರಬೇಕು.

"ಆ ಕೆಲಸ ಬಿಟ್ಟರೆ ಒಳ್ಳೆಯದು" ಎಂದರು ಕೊನೆಗೆ.

"ಬಿಡೋಕಾಗಲ್ಲಮ್ಮ" ಎಂದರು ಅತ್ತೆ ತಮಿಳಿನಲ್ಲಿ.

ಡಾಕ್ಟರು ಚೀಟಿಯ ಮೇಲೆ ಬರೆಯುತ್ತಿದ್ದ ಕೈ ನಿಲ್ಲಿಸಿ ನಮ್ಮಿಬ್ಬರನ್ನೂ ನೋಡಿದರು. ಮತ್ತೆ ಬರೆದರು.

ಒಂದು ವಾರ ನಾನು ಮನೆಯಲ್ಲಿದ್ದೆ. ಆ ವಾರ ಅತ್ತೆ ಕಟಿಂಗ್ ವೇಸ್ಟ್ ಮಾರುವ ಕಡೆಯಿಂದ ಬಿಳಿ ಬನಿಯನ್ ಬಟ್ಟೆಯ ತುಂಡುಗಳನ್ನು ತಂದರು. ನನ್ನ ಕೈಯನ್ನು ಹಳೆಯ ಪತ್ರಿಕೆಯ ಮೇಲೆ ಅಗಲವಾಗಿ ಇರಿಸಿ ಪೆನ್ಸಿಲಿನಲ್ಲಿ ಸುತ್ತ ಗೆರೆ ಎಳೆದರು. ಹೊಲಿದ ಗ್ಲೌಸಿನ ಮೊದಲ ಜೊತೆ ಬಿಗಿಯಾಗಿ ಕೈಯೇ ಒಳಹೋಗಲಿಲ್ಲ. ಎರಡನೆಯದರ ಹೊಲಿಗೆ ಒಳಗೆ ಬಂದು ಸೀಳಿಗೆ ತಗುಲಿತು. ಅವರು ಬಿಚ್ಚಿ, ಹೊಲಿಗೆಯನ್ನು ಹೊರಮೈಗೆ ಬರುವಂತೆ ತಿರುಗಿಸಿ ಹೊಲಿದರು. ಮೂರನೆಯದು ಸರಿಯಾಯಿತು. ಅದರ ಮೇಲೆ ರಬ್ಬರ್ ಗ್ಲೌಸ್ ಹಾಕಿಕೊಂಡು ವ್ಯಾನು ಹತ್ತಿದೆ.

ಶೆಡ್ಡಿನ ಸೂಪರ್‌ವೈಸರ್ ನೋಡಿ ನಕ್ಕ. ಗ್ಲೌಸ್ ಹಾಕಿದರೆ ಬಟ್ಟೆ ಜಾರುತ್ತದೆ, ಕೆಲಸ ನಿಧಾನವಾಗುತ್ತದೆ ಎಂದ. ಅವನ ಮಾತು ಸುಳ್ಳಲ್ಲ. ಮೊದಲ ಎರಡು ದಿನ ಬಟ್ಟೆಯ ಸುರುಳಿ ಕೈಯಿಂದ ಜಾರಿ ತೊಟ್ಟಿಗೆ ಬಿದ್ದಿತು. ಆಮೇಲೆ ಹಿಡಿತ ಸಿಕ್ಕಿತು. "ಕೆಲಸ ಕಡಿಮೆಯಾದರೆ ಗ್ಲೌಸ್ ತೆಗೆದಿಡಬೇಕು" ಎಂದು ಎಚ್ಚರಿಸಿ ಸುಮ್ಮನಾದ. ಊಟದ ಹೊತ್ತಿಗೆ ನಾನು ಕೈ ತೊಳೆದು ಮುಲಾಮು ಹಚ್ಚಿಕೊಳ್ಳುವುದನ್ನು ಉಳಿದ ಹೆಂಗಸರು ಸುತ್ತ ನಿಂತು ನೋಡಿದರು. ಅವರ ಕೈಗಳೂ ನನ್ನ ಕೈಯಂತೆಯೇ ಇದ್ದವು. ಇಷ್ಟು ದಿನ ಒಂದೇ ತೊಟ್ಟಿಯ ಸುತ್ತ ನಿಂತಿದ್ದರೂ ನಾವು ಒಬ್ಬರ ಕೈ ಒಬ್ಬರು ನೋಡಿರಲಿಲ್ಲ. ಒಬ್ಬಾಕೆ ಕೇಳಿದಳು, ಈ ಹತ್ತಿಯ ಗ್ಲೌಸನ್ನು ನಿಮ್ಮ ಅತ್ತೆ ನನಗೂ ಹೊಲಿದುಕೊಡುತ್ತಾರಾ ಎಂದು.

ಅತ್ತೆ ಆ ತಿಂಗಳು ಏಳು ಜನಕ್ಕೆ ಹೊಲಿದರು. ಮಗ್ಗದಿಂದ ಎದ್ದು ಬಂದು, ಬೆಳಕಿರುವಾಗಲೇ ಜಗುಲಿಯ ಮೇಲೆ ಕೂತು ಹೊಲಿಯುತ್ತಿದ್ದರು. ಏಳು ಜನರಲ್ಲಿ ಮೂವರು ಕೆಲವೇ ದಿನದಲ್ಲಿ ಅವನ್ನು ತೆಗೆದಿಟ್ಟರು. ನಿಧಾನವಾಗುತ್ತದೆ ಎಂಬುದು ಅವರಿಗೆ ದೊಡ್ಡ ಭಯ. ಅವರಲ್ಲೊಬ್ಬಳಿಗೆ ಆಮೇಲೆ ಹೆಬ್ಬೆರಳಲ್ಲಿ ಕೀವು ತುಂಬಿ ಉಗುರು ತೆಗೆಸಬೇಕಾಯಿತು. ಅವಳು ಮತ್ತೆ ಶೆಡ್ಡಿಗೆ ಬರಲಿಲ್ಲ. ಅವಳ ಮನೆ ಕುನ್ನತ್ತೂರಿನ ಕಡೆ. ಈಗ ಏನು ಮಾಡುತ್ತಾಳೋ ನನಗೆ ತಿಳಿಯದು.

ನನ್ನ ಕೈ ವಾಸಿಯಾಗಲು ಆರು ತಿಂಗಳು ಹಿಡಿಯಿತು. ಚರ್ಮ ಮೊದಲಿನಂತೆ ಆಗಲಿಲ್ಲ, ಆದರೆ ರಕ್ತ ನಿಂತಿತು. ಬೇಸಗೆ ಬಂದಾಗ ಒಮ್ಮೆ ಕೈಯಲ್ಲೇ ಅನ್ನ ಕಲಸಿ ತಿಂದೆ. ಗಂಡ ತಟ್ಟೆಯಿಂದ ತಲೆಯೆತ್ತಿ ನೋಡಿ, "ಉರಿಯಲ್ವಾ?" ಎಂದು ಕೇಳಿದರು. ಇಲ್ಲ ಎಂದೆ. ಅತ್ತೆ ಇನ್ನೊಂದು ಹಿಡಿ ಅನ್ನ ಬಡಿಸಿದರು.

ಮರುವರ್ಷದ ಚಳಿಗೆ ಎರಡು ಕಡೆ ಸೀಳು ಮತ್ತೆ ಬಂದಿತು. ಆಗ ಅತ್ತೆ ಮಗನನ್ನು ಕರೆದು ನಿಲ್ಲಿಸಿ ನನ್ನೆದುರಿಗೇ ಹೇಳಿದರು: "ಇನ್ ಇವ್ಳು ಆ ಬ್ಲೀಚಿಂಗ್ ತಣ್ಣಿಯಲ್ಲಿ ಕೈ ಇಡೋದ್ ಬೇಡ. ಸಂಬಳ ಕೊಂಜ ಕಮ್ಮಿ ಬಂದ್ರೂ ಪರವಾಯಿಲ್ಲ. ಬೇರೆ ವೇಲೆ ನೋಡು." ಗಂಡ ಮಿಲ್ಲಿನವರ ಮೂಲಕ ಒಂದು ಬನಿಯನ್ ಕಂಪನಿಯಲ್ಲಿ ಬೇರೆ ಕೆಲಸ ವಿಚಾರಿಸಿದರು. ನನಗೆ ಚೆಕಿಂಗ್ ಕೆಲಸ ಸಿಕ್ಕಿತು. ಹೊಲಿದ ಬನಿಯನ್‌ಗಳಲ್ಲಿ ತೂತು, ಕಲೆ, ಬಿಟ್ಟುಹೋದ ಹೊಲಿಗೆ ಹುಡುಕಿ ಪಕ್ಕಕ್ಕೆ ಇಡುವ ಕೆಲಸ, ನೀರು ಮುಟ್ಟಬೇಕಿಲ್ಲದ ಕೆಲಸ. ದಿನವೆಲ್ಲ ನಿಂತಿರಬೇಕು. ಈಗ ಕಾಲು ನೋಯುತ್ತದೆ. ಆದರೂ ಮೂರು ವರ್ಷದಿಂದ ಅಲ್ಲೇ ಇದ್ದೇನೆ.

ಅತ್ತೆಗೆ ಕಣ್ಣಿನ ಪೊರೆಯ ಆಪರೇಷನ್ ಆದ ಮೇಲೂ ಎಳೆ ಸರಿಯಾಗಿ ಕಾಣದೆ ರೇಷ್ಮೆ ನೇಯುವುದು ನಿಂತಿತು. ನಿಲ್ಲಿಸಿದ ದಿನ ಅವರು ಮಗ್ಗದ ಗುಂಡಿಗೆ ಹಲಗೆ ಮುಚ್ಚಿ ಅದರ ಮೇಲೆ ಚಾಪೆ ಹಾಸಿದರು. ಬ್ಲೀಚಿಂಗ್ ಶೆಡ್ಡಿನ ಹೆಂಗಸರು ಈಗಲೂ ಆಗಾಗ ಬರುತ್ತಾರೆ, ಕೆಲವರು ಹೊಸಬರು. ಅತ್ತೆ ಅವರ ಕೈ ಹಿಡಿದು ಮೊದಲು ಬಿಸಿಲಿಗೆ ಒಡ್ಡಿ ನೋಡುತ್ತಾರೆ, ಆಮೇಲೆ ಬೈಯುತ್ತಾರೆ, ಆಮೇಲೆ ಪೆನ್ಸಿಲು ಕೇಳುತ್ತಾರೆ. ನಾಲ್ಕು ಬೆರಳು ಅವರೇ ಹೊಲಿಯುತ್ತಾರೆ. ಹೆಬ್ಬೆರಳಿನ ತಿರುವು ಅವರ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಅದನ್ನು ಬಿಟ್ಟಿರುತ್ತಾರೆ. ಕೆಲಸದಿಂದ ಬಂದು ನಾನು ಹೊಲಿಯುತ್ತೇನೆ.