ಜ್ವರದ ದಿನಕ್ಕೊಂದು ಆಟ

ನಮ್ಮ ಮನೆಯ ಮಹಡಿ ಕೋಣೆಗೆ ಭಾನುವಾರ ಮಧ್ಯಾಹ್ನ ಬರುವವರೆಲ್ಲ ಆಡಲು ಬರುತ್ತಿದ್ದರು. ಮುರಳಿಮೋಹನ ಒಬ್ಬ ಮಾತ್ರ ಕೇಳಲು ಬರುತ್ತಿದ್ದ. ಚಿಕ್ಕಬಳ್ಳಾಪುರದಂಥ ಊರಿನಲ್ಲಿ ಬೋರ್ಡ್ ಆಟದ ಹುಚ್ಚು ಹಿಡಿದವರು ಒಂದು ಕೋಣೆ ತುಂಬುವಷ್ಟು ಸಿಕ್ಕಿದ್ದೇ ನನಗೆ ಇವತ್ತಿಗೂ ಸೋಜಿಗ. ತಾಲ್ಲೂಕು ಕಚೇರಿಯಲ್ಲಿ ವಾರವೆಲ್ಲ ಪಹಣಿ, ಖಾತೆ, ಜನರ ಬೈಗುಳ ಎಂದು ಸವೆದವನಿಗೆ ಒಂದು ದಿನ ದಾಳ ಉರುಳುವ ಸದ್ದು ಕೇಳಿದರೆ ಜೀವಕ್ಕೆ ಸ್ವಲ್ಪ ಹಾಯೆನಿಸುತ್ತದೆ. ಕೋಣೆಯ ಯಜಮಾನ ನಾನು, ಸತ್ಯಮೂರ್ತಿ. ಯಜಮಾನ ಎಂದರೆ ಎಲ್ಲರೂ ಹೋದ ಮೇಲೆ ಕಾಫಿ ಲೋಟ ತೊಳೆಯುವವನು.

ಮುರಳಿ ಶಿಡ್ಲಘಟ್ಟದ ಒಂದು ಖಾಸಗಿ ಶಾಲೆಯಲ್ಲಿ ಗುಮಾಸ್ತ. ಅಲ್ಲಿಂದ ಚಿಂತಾಮಣಿ ರಸ್ತೆಯಲ್ಲಿ ಸ್ವಲ್ಪ ದೂರ ಹೋದರೆ ಅವನ ಹಳ್ಳಿ. ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಾರೆ. ಸಾಕುತ್ತಾರೆ ಎಂದರೆ ಅವನ ಹೆಂಡತಿ ತನುಜ ಸಾಕುತ್ತಾಳೆ, ತಾಯಿ ಲಕ್ಷ್ಮಿದೇವಮ್ಮ ಕೈಲಾದಷ್ಟು ಜೊತೆ ಕೊಡುತ್ತಾರೆ, ಇವನು ಬೆಳಿಗ್ಗೆ ಶಾಲೆಗೆ ಹೋಗುವ ಮುಂಚೆ ಹಿಪ್ಪುನೇರಳೆ ಸೊಪ್ಪು ಕೊಯ್ದು ತಂದು ಹಾಕುತ್ತಾನೆ. ತೆಳ್ಳಗಿನ ಆಳು, ಮಾತು ಮೆತ್ತಗೆ. ಯಾರಾದರೂ ಜೋರಾಗಿ ನಕ್ಕರೆ ತನ್ನನ್ನು ನೋಡಿಯೇ ನಕ್ಕರೇನೋ ಎಂದು ಅಂಗಿ ಸರಿಮಾಡಿಕೊಳ್ಳುವ ಸ್ವಭಾವ. ಅವನು ನಮ್ಮಲ್ಲಿಗೆ ಮೊದಲ ಸಲ ಬಂದಾಗ ಕೇಳಿದ್ದು ಇಷ್ಟೇ.

“ಸಾರ್, ಗಂಡ ಹೆಂಡ್ತಿ ಇಬ್ರೇ ಕೂತ್ಕೊಂಡು ಆಡೋ ಅಂಥ ಆಟ ಯಾವ್ದಾದ್ರೂ ಹೇಳ್ತೀರಾ?”

ಯಾಕೆ ಎಂದು ನಾನು ಕೇಳಲಿಲ್ಲ, ಆಮೇಲೊಂದು ದಿನ ಬಸ್ ಸ್ಟ್ಯಾಂಡಿನಲ್ಲಿ ಅವನೇ ಹೇಳಿದ. “ಮಗಳು ಅಮೃತ ಹಾಸ್ಟೆಲ್‌ಗೆ ಹೋದ್ಮೇಲೆ ಮನೇಲಿ ಮಾತೇ ನಿಂತೋಗೈತೆ ಸಾರ್. ಜಗಳಾನೂ ಇಲ್ಲ. ಸೊಪ್ಪು ತಂದ್ರಾ, ಸೊಪ್ಪು ಹಾಕಿದ್ಯಾ, ಅಷ್ಟೇ. ಊಟಕ್ಕೆ ಕೂತ್ರೂ ಅವಳ ಕಿವಿ ಹುಳದ ಮನೆ ಕಡೇನೇ ಇರ್ತದೆ. ನನ್ ಮುಖ ಸರಿಯಾಗಿ ನೋಡಿ ಎಷ್ಟು ದಿನ ಆಯ್ತೋ.”

ಬದುಕಿನಲ್ಲಿ ಅವನು ಬೇರೇನೂ ಕೇಳಿದ್ದನ್ನು ನಾನು ಕಾಣೆ. ತನುಜ ಒಂದು ಮಧ್ಯಾಹ್ನ ತನ್ನೆದುರು ಕೂತು ಒಂದು ಆಟ ಆಡಬೇಕು. ಅದೂ ಯಾವ ಮಧ್ಯಾಹ್ನ ಎಂಬುದು ಅವನ ಕೈಲಿರಲಿಲ್ಲ, ಹುಳಗಳ ಕೈಲಿತ್ತು. ರೇಷ್ಮೆ ಹುಳ ಬೆಳೆಯುವಾಗ ನಾಲ್ಕು ಸಲ ಹಳೆಯ ಚರ್ಮ ಬಿಡುತ್ತದೆ. ಬಿಡುವ ಮುಂಚೆ ತಲೆಯೆತ್ತಿಕೊಂಡು ಅಲುಗಾಡದೆ ಕೂತುಬಿಡುತ್ತದೆ, ಒಂದು ದಿನದ ಮಟ್ಟಿಗೆ ಸೊಪ್ಪು ಮುಟ್ಟುವುದಿಲ್ಲ. ಇದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಹುಳಕ್ಕೆ ಜ್ವರ ಬಂದರೆ ಸಾಕುವವರಿಗೆ ಬಿಡುವು. ಉಳಿದ ದಿನಗಳಲ್ಲಿ ಆ ಮನೆಯ ಹೆಂಗಸರಿಗೆ ಬೆನ್ನು ನೆಲಕ್ಕೆ ತಾಗಿಸುವುದಕ್ಕೂ ಹುಳದ ಅಪ್ಪಣೆ ಬೇಕು. ಹಾಗಾಗಿ ಮುರಳಿಗೆ ಬೇಕಾಗಿದ್ದದ್ದು ಜ್ವರದ ದಿನಕ್ಕೊಂದು ಆಟ.

ಕೇಳಿದರೆ ಹೇಳದೆ ಇರುವ ಜನವೇ ನಾವು? ಸಲಹೆ ಕೊಡುವುದೆಂದರೆ ನಮ್ಮವರಿಗೆ ಆಡುವುದಕ್ಕಿಂತ ದೊಡ್ಡ ಆಟ. ಬ್ಯಾಂಕಿನಲ್ಲಿ ಕೆಲಸ ಮಾಡುವ ಮಹತಿ ನಮ್ಮಲ್ಲಿ ಎಲ್ಲರಿಗಿಂತ ತಿಳಿದವಳು. ಎಷ್ಟು ಜನ ಆಡುತ್ತಾರೆ, ಎಷ್ಟು ಹೊತ್ತು ಆಡುತ್ತಾರೆ, ಸುಲಭದ್ದು ಬೇಕೋ ಕಷ್ಟದ್ದು ಬೇಕೋ ಎಂದು ಡಾಕ್ಟರ್ ಥರ ವಿಚಾರಿಸಿ ಒಂದು ದೊಡ್ಡ ಪೆಟ್ಟಿಗೆಯ ಆಟ ಬರೆದುಕೊಟ್ಟಳು. ದ್ವೀಪದ ಮೇಲೆ ಊರು ಕಟ್ಟುವ ಆಟ. ಕಾರ್ಡು ಹಾಳಾಗಬಾರದು ಎಂದು ಒಂದೊಂದಕ್ಕೂ ಪ್ಲಾಸ್ಟಿಕ್ ಕವಚ ಹಾಕಬೇಕೆಂದು ಒಬ್ಬರು, ದಾಳ ಕೆಳಗೆ ಬೀಳದಂತೆ ಮಖಮಲ್ಲಿನ ತಟ್ಟೆ ಬೇಕೆಂದು ಇನ್ನೊಬ್ಬರು. ಮುರಳಿ ಎಲ್ಲವನ್ನೂ ತರಿಸಿದ. ವಾರಗಟ್ಟಲೆ ಕೂತು ಕಾರ್ಡುಗಳಿಗೆ ಕವಚ ತೊಡಿಸಿದ. ನಿಯಮಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಬರೆದುಕೊಂಡ. ಎರಡನೇ ಜ್ವರದ ದಿನ ಹಾಸಿ, ಜೋಡಿಸಿ, ತನುಜಳನ್ನು ಕೂರಿಸಿ ವಿವರಿಸತೊಡಗಿದ. ಕುರಿಯ ಕಾರ್ಡೆಂದರೇನು, ಇಟ್ಟಿಗೆಯ ಕಾರ್ಡೆಂದರೇನು ಎಂದು ಹೇಳಿ ಮುಗಿಸಿ ತಲೆಯೆತ್ತಿದರೆ ತನುಜ ಕೂತಲ್ಲೇ ನಿದ್ದೆ ಹೋಗಿದ್ದಳು.

“ಅವ್ಳಿಗೆ ಆಟ ಯಾಕ್ ಕೊಡ್ತೀಯೋ,” ಎಂದರಂತೆ ಲಕ್ಷ್ಮಿದೇವಮ್ಮ, “ನಿದ್ದೆ ಕೊಡಪ್ಪ.”

ಮಹತಿ ಸೋಲೊಪ್ಪುವವಳಲ್ಲ. ಹಳ್ಳಿಯವರಿಗೆ ಹಳ್ಳಿಯ ಆಟವೇ ಹಿಡಿಸುತ್ತದೆ ಎಂದು ಮುಂದಿನ ಸಲ ಬೇಸಾಯದ ಆಟ ಹೇಳಿದಳು. ಹೊಲ ಉಳುವುದು, ಬಿತ್ತುವುದು, ದನ ಸಾಕುವುದು, ಸುಗ್ಗಿಗೆ ಮನೆಮಂದಿಗೆಲ್ಲ ಅನ್ನ ಹೊಂದಿಸುವುದು. ಹೊಂದಿಸದಿದ್ದರೆ ಅಂಕ ಕಡಿತ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಕೂತವರಿಗೆ ಅದು ಆಟ. ತನುಜ ಈ ಸಲ ನಿದ್ದೆ ಮಾಡಲಿಲ್ಲ. ಕಣ್ಣು ಬಿಟ್ಟುಕೊಂಡು ಪೂರ್ತಿ ಕೇಳಿದಳಂತೆ. ಆಮೇಲೆ ಆ ಮರದ ಪುಟಾಣಿ ಹಸುವನ್ನು ಎತ್ತಿ ಪೆಟ್ಟಿಗೆಯೊಳಗೆ ಹಾಕಿ ಎದ್ದಳಂತೆ.

“ಇಲ್ಲೂ ಬೆಳೆ ಇಡ್ಬೇಕಾ? ಇಲ್ಲೂ ಮೇವು ಹೊಂದಿಸ್ಬೇಕಾ? ನಿಮ್ಗೇನ್ ತಲೆ ಕೆಟ್ಟೈತಾ?”

ಇದನ್ನು ಮುರಳಿ ಹೇಳಿದಾಗ ಕೋಣೆಯಲ್ಲಿ ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಮುರಳಿಯೂ ನಗಲು ನೋಡಿದ, ಆಗಲಿಲ್ಲ. ನನಗೆ ಅವತ್ತು ನಮ್ಮವರ ಮೇಲೆ ಸಿಟ್ಟು ಬಂತು. ಕಾಲು ನೋಯುತ್ತದೆ ಎಂದು ಬಂದವನಿಗೆ ಒಬ್ಬೊಬ್ಬರು ಒಂದೊಂದು ಚಪ್ಪಲಿ ತೋರಿಸಿದಂತಾಗಿತ್ತು ನಮ್ಮ ಕಥೆ.

ಆಗ ಮುಂದೆ ಬಂದವನು ಮೋಹನ್‌ಬಾಬು. ಗೌರಿಬಿದನೂರಿನಲ್ಲಿ ಔಷಧಿ ಅಂಗಡಿ ಇಟ್ಟುಕೊಂಡು ಭಾನುವಾರಕ್ಕೆ ಮಾತ್ರ ಮನುಷ್ಯನಾಗುವವನು. ಅವನಿಗೆ ಕೇರಂ ಬಿಟ್ಟರೆ ಬೇರೆ ಆಟಗಳೆಲ್ಲ ಮಕ್ಕಳಾಟಿಕೆ. “ನಿಮ್ ಮನೆಯವ್ರು ಯಾವ ಊರೋರು?” ಎಂದು ಕೇಳಿದ. ಇಷ್ಟು ದಿನದಲ್ಲಿ ತನುಜಳ ಬಗ್ಗೆ ಒಂದು ಪ್ರಶ್ನೆ ಕೇಳಿದವನು ಅವನೊಬ್ಬನೇ. ಗೌರಿಬಿದನೂರಿನ ಕಡೆಯವಳೇ ಎಂದು ಗೊತ್ತಾಯಿತು. “ಹಂಗಾದ್ರೆ ಚಿಕ್ಕಂದಿನಲ್ಲಿ ಅಣ್ಣತಮ್ಮಂದಿರ ಜೊತೆ ಕೇರಂ ಆಡೇ ಆಡಿರ್ತಾರೆ ಕಣಪ್ಪ. ಹೇಳ್ಕೊಡೋ ತಾಪತ್ರಯ ಇಲ್ಲ. ಕೇರಂ ತಗೋ.”

ಹೇಳಿದ್ದು ಅಷ್ಟಕ್ಕೇ ನಿಂತಿದ್ದರೆ ಅವನು ಮೋಹನ್‌ಬಾಬು ಆಗುತ್ತಿರಲಿಲ್ಲ. ಬೋರ್ಡಿಗೆ ಇಂಥದೇ ಮರ, ಸ್ಟ್ರೈಕರ್‌ಗೆ ಇಷ್ಟೇ ತೂಕ, ಮೇಲೆ ಇಂಥ ದೀಪ. ಪೌಡರ್ ವಿಷಯಕ್ಕೆ ಬಂದಾಗಲಂತೂ ಪುರಾಣ ಶುರುವಾಯಿತು. “ಡಬ್ಬಿ ಪೌಡರ್ ಎಲ್ಲ ಮೋಸ. ಬರೀ ಬೋರಿಕ್ ಬೇಕು, ಹೊಗೆ ಥರ ಸಣ್ಣಗಿರ್ಬೇಕು. ನಾನೇ ತಂದ್ಕೊಡ್ತೀನಿ.” ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ, ಇವನ ಸ್ವಂತ ಬೋರ್ಡಿಗೆ ಹಾಕುತ್ತಿದ್ದದ್ದು ಹೆಂಡತಿಯ ಮುಖದ ಪೌಡರ್. ಆದರೆ ಮಾತಿಗೆ ತಪ್ಪಲಿಲ್ಲ. ವರ್ಷಕ್ಕಾಗುವಷ್ಟು ಪೌಡರನ್ನು ಒಂದು ಬಿಳಿ ಕವರಿನಲ್ಲಿ ತುಂಬಿ ತಂದುಕೊಟ್ಟ.

ಅದರ ಮುಂದಿನ ಬೆಳೆಯ ನಾಲ್ಕನೇ ಜ್ವರದ ದಿನ ಸಂಜೆ ಮುರಳಿಯ ಫೋನ್ ಬಂತು. ಅವನ ಗಂಟಲು ಅಷ್ಟು ದೊಡ್ಡದೆಂದು ನನಗೆ ಗೊತ್ತಿರಲಿಲ್ಲ.

“ಸಾರ್, ರೆಡ್ ಹಾಕ್ಬಿಟ್ಲು ಸಾರ್! ಫಾಲೋನೂ ಹಾಕಿದ್ಲು! ಮೂರು ಬೋರ್ಡ್ ಸೋಲ್ಸವ್ಳೆ ನನ್ನ. ಅವರಣ್ಣಂಗೆ ಕೈ ಅಲುಗಾಡ್ಸಿ ಮೋಸ ಮಾಡ್ತಿದ್ದ ಕಥೆ ಹೇಳ್ತಾವ್ಳೆ ಸಾರ್. ನಗ್ತಾವ್ಳೆ. ಕೇಳಿ, ಕೇಳಿ ಇಲ್ಲಿ.” ಫೋನನ್ನು ಆ ಕಡೆ ಹಿಡಿದ. ಒಬ್ಬ ಹೆಂಗಸು ನಗುವುದು ನಿಜಕ್ಕೂ ಕೇಳಿಸಿತು. ನನಗೂ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ. ಕೆಳಗೆ ಹೋಗಿ ನನ್ನ ಹೆಂಡತಿ ಪಂಕಜಳಿಗೆ, “ಒಂದು ಆಟ ಆಡೋಣ ಬಾ,” ಎಂದೆ. ಪಾತ್ರೆ ಮುಗಿಸಿಕೊಟ್ಟರೆ ಬರ್ತೀನಿ ಎಂದಳು.

ಮರು ಭಾನುವಾರ ಮುರಳಿ ಬರಲಿಲ್ಲ. ಫೋನ್ ಎತ್ತಲಿಲ್ಲ. “ಇನ್ಯಾಕೆ ಬರ್ತಾನೆ ಬಿಡಿ, ಹೆಂಡ್ತಿ ಜೊತೆ ಆಡ್ತಾ ಇರ್ತಾನೆ,” ಎಂದು ಮೋಹನ್‌ಬಾಬು ಮೀಸೆ ತಿರುವಿದ. ನನ್ನ ಮನಸ್ಸು ಒಪ್ಪಲಿಲ್ಲ. ರಜೆ ಬಂದ ದಿನ ಬಸ್ಸು ಹತ್ತಿ ಅವನ ಹಳ್ಳಿಗೆ ಹೋದೆ.

ಹಿಂದೊಮ್ಮೆ ಹೋಗಿದ್ದಾಗ ಅಂಗಳದಲ್ಲೇ ನಿಂತು ಮಾತಾಡಿ ಬಂದಿದ್ದೆ. ಹುಳ ಇರುವ ಮನೆಯೊಳಕ್ಕೆ ಹೊರಗಿನವರು ಕಾಲಿಡುವಂತಿಲ್ಲ, ರೋಗ ತಗಲುತ್ತದೆ. ಈ ಸಲವೂ ಅಂಗಳದಲ್ಲೇ ನಿಂತೆ. ಹೊಸ್ತಿಲ ಮೇಲೆ ಕೂತಿದ್ದ ಲಕ್ಷ್ಮಿದೇವಮ್ಮ ತಲೆಯೆತ್ತಿ ನೋಡಿದರು.

“ಒಳೀಕ್ ಹೋಗು ನಾಯನಾ. ಈಗ ಯಾರ್ ಹೋದ್ರೂ ಏನೂ ಇಲ್ಲ.”

ಒಳಗೆ ಹುಳದ ರ‍್ಯಾಕುಗಳೆಲ್ಲ ಖಾಲಿಯಾಗಿದ್ದವು. ತೊಳೆದು ಸುಣ್ಣ ಎರಚಿದ್ದರು. ಮುರಳಿ ಗೋಡೆಗೊರಗಿ ನೆಲದ ಮೇಲೆ ಕೂತಿದ್ದ. ನನ್ನನ್ನು ಕಂಡು ಎದ್ದು ಕುರ್ಚಿ ತಂದುಹಾಕಿದ. ಆಮೇಲೆ ನಡೆದದ್ದನ್ನು ಹೇಳಿದ.

ಆಟ ಆಡಿದ ಮರುದಿನ ಬೆಳಿಗ್ಗೆ ಹುಳ ಜ್ವರ ಬಿಟ್ಟು ಎದ್ದಿದ್ದವು. ಎದ್ದ ಹುಳಕ್ಕೆ ಸೊಪ್ಪು ಹಾಕುವ ಮುಂಚೆ ರೋಗ ತಗಲದಂತೆ ಒಂದು ಬಿಳಿ ಪೌಡರನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಮೇಲೆ ಉದುರಿಸಬೇಕು. ಯಾವಾಗಲೂ ಅದು ತನುಜಳ ಕೆಲಸ. ಅವತ್ತು ಅವಳು ಬಾಯಿ ಬಿಟ್ಟುಕೊಂಡು ಮಲಗಿದ್ದಳು.

“ಇಷ್ಟ್ ಸುಸ್ತಾಗಿದ್ಲಾ ಇವ್ಳು ಅನ್ನಿಸ್ತು ಸಾರ್. ನಿನ್ನೆ ನನ್ ಜೊತೆ ಅಷ್ಟೊತ್ತು ಕೂತವ್ಳಲ್ಲ, ಇವತ್ತೊಂದಿನ ಮಲಗ್ಲಿ ಅಂತ ನಾನೇ ಎದ್ದೆ. ಗೋಡೆ ಗೂಡಿನಾಗೆ ಕವರ್ ಇತ್ತು, ಬಿಳೀದು. ಅಮ್ಮ ಹುಳದ ಪೌಡರ್‌ನೂ ಅಂಥದ್ರಲ್ಲೇ ಹಾಕಿಟ್ಟಿದ್ಲು, ಇಲಿ ಡಬ್ಬಿ ಕಡೀತವೆ ಅಂತ. ಒಂದು ರ‍್ಯಾಕೂ ಬಿಡ್ದಂಗೆ ನೀಟಾಗಿ ಉದುರ್ಸಿದೆ ಸಾರ್. ಸೊಪ್ಪೂ ಹಾಕ್ದೆ. ಕಾಫಿ ಮಾಡ್ಕೊಂಡ್ ಹೋಗಿ ಎಬ್ಬಿಸ್ದೆ. ಎಲ್ಲಾ ಆಯ್ತು, ಮಲಕ್ಕೊ ಅಂದೆ. ನನ್ ಕೆನ್ನೆ ಮುಟ್ಟಿ ನಕ್ಲು ಸಾರ್.”

ಸಂಜೆಯಾದರೂ ಹುಳ ಸೊಪ್ಪು ಮುಟ್ಟಲಿಲ್ಲ. ಮಾರನೇ ದಿನ ಹಸಿರು ನೀರು ಕಕ್ಕಿ ಸುರುಟಿಕೊಂಡವು. ಯಾವ ರೋಗ ಎಂದು ತನುಜ ಮೂಲೆಮೂಲೆ ಹುಡುಕಿದಳು. ಕೊನೆಗೆ ಆ ಕವರು ಕೈಗೆ ಸಿಕ್ಕಿತು. ಬೆರಳಲ್ಲಿ ತಿಕ್ಕಿ ನೋಡಿದಳು. ಹುಳದ ಪೌಡರ್ ಒರಟು, ಇದು ಹೊಗೆಯ ಥರ ಸಣ್ಣಗಿತ್ತು. ಜಿರಳೆ ಸಾಯಿಸಲು ಹಾಕುವ ಬೋರಿಕ್ ಅಲ್ಲವೇ ಅದು, ಹುಳ ಉಳಿಯುತ್ತದೆಯೇ ಎಂದರಂತೆ ನೋಡಲು ಬಂದ ರೇಷ್ಮೆ ಇಲಾಖೆಯವರು. ಗೂಡು ಕಟ್ಟಲು ಇನ್ನೊಂದು ವಾರವಷ್ಟೇ ಇದ್ದ ಬೆಳೆಯನ್ನು ತೋಟದ ಮೂಲೆಯಲ್ಲಿ ಗುಂಡಿ ತೆಗೆದು ಮುಚ್ಚಿದರು.

“ಬೈದ್ಲಾ?” ಎಂದೆ.

“ಒಂದ್ ಮಾತೂ ಇಲ್ಲ ಸಾರ್. ಬೈದಿದ್ರೆ ಬದುಕ್ಕೊಂತಿದ್ದೆ.”

ಅವನ ಮುಖ ನೋಡಲಾರದೆ ಖಾಲಿ ರ‍್ಯಾಕುಗಳನ್ನು ನೋಡುತ್ತ ಕೂತೆ. ತಿನ್ನಲು ಹುಳವಿಲ್ಲದ ಸೊಪ್ಪು ಹೊರಗೆ ತೋಟದಲ್ಲಿ ಎದೆಮಟ್ಟ ನಿಂತಿತ್ತು. ಮುರಳಿ ಒಳಗೆ ಹೋಗಿ, ಅಟ್ಟದ ಮೇಲೆ ಬಚ್ಚಿಟ್ಟಿದ್ದ ಕೇರಂ ಬೋರ್ಡನ್ನು ಇಳಿಸಿ ತಂದ. ಸ್ಟ್ರೈಕರ್, ಕಾಯಿನ್, ಪೌಡರಿನ ಕವರು ಎಲ್ಲ ಒಂದು ಚೀಲದಲ್ಲಿದ್ದವು.

“ಇದನ್ನ ತಗೊಂಡೋಗ್ಬಿಡಿ ಸಾರ್. ಅವ್ಳ ಕಣ್ಣಿಗೆ ಬೀಳ್ಬಾರ್ದು.”

ಅಷ್ಟರಲ್ಲಿ ತನುಜ ಹಸುವಿಗೆಂದು ಸೊಪ್ಪಿನ ಹೊರೆ ಹೊತ್ತು ಬಂದಳು. ನಾನು ಅವಳನ್ನು ಸರಿಯಾಗಿ ನೋಡಿದ್ದು ಅವತ್ತೇ. ನಲವತ್ತು ದಾಟಿರದ ಹೆಂಗಸು, ಕಣ್ಣಿನ ಕೆಳಗೆ ಮಾತ್ರ ಅವಳ ಅತ್ತೆಯ ವಯಸ್ಸು. ಹೊರೆ ಇಳಿಸಿ, “ಊಟ ಮಾಡ್ಕೊಂಡೇ ಹೋಗ್ಬೇಕು ಸಾರ್,” ಎಂದಳು. ಆಮೇಲೆ ಗಂಡನ ಕೈಲಿದ್ದ ಬೋರ್ಡು ನೋಡಿದಳು.

“ಎಲ್ಲಿಗೆ ಅದು?”

“ಸಾರ್‌ಗೆ ಕೊಡ್ತಾ ಇದೀನಿ.”

“ಇಡಿ ಕೆಳಗೆ.” ಕೈಕಾಲು ತೊಳೆದುಕೊಂಡು ಬಂದು ಬೋರ್ಡಿನ ಒಂದು ಬದಿಗೆ ಕೂತಳು. “ಇನ್ನೊಂದ್ ಸಲ ಮರಿ ಹುಳ ತರೋವರ್ಗೂ ನಂಗೇನ್ ಕೆಲ್ಸ ಐತೆ? ಮದ್ವೆ ಆಗಿ ಬಂದಾಗಿಂದ ನಾನು ಹಿಂಗ್ ಸುಮ್ನೆ ಕೂತಿದ್ದೇ ಇಲ್ಲ. ಕೂತ್ಕೊಳಿ.”

ಮುರಳಿ ಕೂತ. ಕಾಯಿನ್ ಜೋಡಿಸಿದ. ಚೀಲದಲ್ಲಿದ್ದ ಪೌಡರಿನ ಕವರನ್ನು ಅವಳಿಗೆ ಕಾಣದಂತೆ ಒಳಕ್ಕೆ ತಳ್ಳಿದ. ಅವಳು ಅದನ್ನು ಕಂಡಳು.

“ಹಾಕಿ. ಹಾಕ್ದೆ ಹೆಂಗೆ ಓಡ್ತದೆ?”

“ಬ್ಯಾಡ ಕಣೇ.”

“ಈಗ ಹಾಕಿದ್ರೆ ಸಾಯೋಕೆ ಒಳಗೇನೈತೆ?” ಎಂದು ಅವಳೇ ಕವರು ಎಳೆದುಕೊಂಡು, ತಳದಲ್ಲಿ ಉಳಿದಿದ್ದ ಪೌಡರನ್ನು ಬೋರ್ಡಿನ ಮೇಲೆ ಉದುರಿಸಿ ಅಂಗೈಯಲ್ಲಿ ಸವರಿದಳು. ಸ್ಟ್ರೈಕರ್ ಇಟ್ಟು ಹೊಡೆದಳು. ಕಾಯಿನ್‌ಗಳು ಚದುರಿದವು, ಒಂದು ಬಿಳಿ ನೇರ ಹೋಗಿ ಬಿತ್ತು. ಇನ್ನೊಂದು ಹೊಡೆದಳು, ಅದು ಬೀಳಲಿಲ್ಲ. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ಅದನ್ನು ಒರೆಸಿಕೊಳ್ಳುವ ಗೋಜಿಗೂ ಹೋಗದೆ ಸ್ಟ್ರೈಕರನ್ನು ಗಂಡನ ಕಡೆಗೆ ನೂಕಿದಳು.

ಮುರಳಿ ಅದನ್ನು ಮುಟ್ಟಲಿಲ್ಲ.

“ಆಡ್ರೀ,” ಎಂದಳು ತನುಜ. “ಇದೇ ತಾನೆ ನೀವು ಕೇಳಿದ್ದು?”